ಉಸಿರಿಗೆ ಹಾಕಿದ ಅರಗಿನ ಸೀಲು

ಅರಗು ಕರಗಿಸಿ ಸರ್ಕಾರಿ ಮುದ್ರೆ ಒತ್ತಿದ ಉಸಿರಾಟದ ಯಂತ್ರವನ್ನು ನಾನು ನೋಡಿದ್ದೇನೆ. ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ, ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲದಲ್ಲಿ, ನಾನು ಅಲ್ಲಿ ಅರಿವಳಿಕೆ ಡಾಕ್ಟರಾಗಿದ್ದಾಗ. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ನನಗೆ ಆಗ ನಗು ಬಂದಿರಲಿಲ್ಲ, ಈಗಲೂ ಪೂರ್ತಿಯಾಗಿ ಬರುವುದಿಲ್ಲ.

ಯಂತ್ರ ಇಂಗ್ಲೆಂಡಿನದು. ಅಲ್ಲಿ ಬಳಸಿ ಬಿಟ್ಟದ್ದನ್ನು ಯಾರೋ ಪುಣ್ಯಾತ್ಮರು ನಮಗೆ ದಾಟಿಸಿದ್ದರು. ಕಬ್ಬಿಣದ ಚೌಕಟ್ಟು, ಮೇಲೆ ಕಪ್ಪು ರಬ್ಬರಿನ ತಿದಿ, ತಿದಿಯ ಮೇಲಿನ ಸರಳಿನಲ್ಲಿ ತುದಿಗೆ ಸರಿಸಿದಷ್ಟೂ ಹೆಚ್ಚು ಒತ್ತುವ ಒಂದು ಭಾರದ ಗುಂಡು, ಕೆಳಗೆ ಮೋಟರು. ಮೋಟರು ತಿದಿಯನ್ನು ಎತ್ತುತ್ತದೆ, ಭಾರ ಅದನ್ನು ಅಮುಕುತ್ತದೆ, ಗಾಳಿ ಕೊಳವೆಯಲ್ಲಿ ಹಾದು ರೋಗಿಯ ಎದೆ ತುಂಬುತ್ತದೆ. ತಿದಿ ಮತ್ತೆ ಏಳುವಷ್ಟರಲ್ಲಿ ರೋಗಿಯ ಎದೆ ಇಳಿದು ಗಾಳಿ ಹೊರಗೆ ಬರುತ್ತದೆ. ಉಸಿರು ಎಷ್ಟು ಬೇಗ ಬರಬೇಕು ಎಂಬುದನ್ನು ಬದಲಿಸುವುದಕ್ಕೆ ಒಂದು ಗೇರು ಇತ್ತು. ಅದು ನಿಜವಾದ ಸೈಕಲ್ಲಿನ ಗೇರು, ನಾಲ್ಕು ಮೆಟ್ಟಿಲಿನದು. ಒಂದನೆಯದು ನಿಧಾನ, ನಾಲ್ಕನೆಯದು ಅವಸರ. ಕರೆಂಟ್ ಹೋದರೆ ಕೈಯಿಂದ ತಿರುವಲು ಪಕ್ಕದಲ್ಲಿ ಹಿಡಿಕೆ ಇತ್ತು, ಬಾವಿಯ ರಾಟೆಯ ಹಿಡಿಕೆಯಂಥದು. ಇಷ್ಟು ಸರಳವಾದ, ಇಷ್ಟು ಬುದ್ಧಿವಂತಿಕೆಯ ಯಂತ್ರವನ್ನು ನಾನು ಆಮೇಲೆ ನೋಡಲಿಲ್ಲ. ಅದು ಬಂದು ಬಿದ್ದದ್ದು ಎಂಥವರ ಕೈಗೆ ಎಂಬುದೇ ಈ ಕಥೆ.

ಆಸ್ಪತ್ರೆಯ ಮುಖ್ಯಸ್ಥರನ್ನು ನಾವು ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ಎತ್ತರದ ಆಳು, ಇಸ್ತ್ರಿ ಮುರಿಯದ ಕೋಟು. ವಿಷ ಕುಡಿದು ಸತ್ತವರ ಹೊಟ್ಟೆಯ ತುಂಡುಗಳನ್ನು ಬಾಟಲಿಗೆ ತುಂಬಿ, ದಾರ ಸುತ್ತಿ, ಅರಗು ಹಾಕಿ, ಪರೀಕ್ಷೆಗೆ ಕಳಿಸುವ ಕೆಲಸದಲ್ಲಿ ಅರ್ಧ ನೌಕರಿ ಕಳೆದವರು. ಹೆಣದ ಬಾಟಲಿಗೆ ಒಪ್ಪುವ ಶಿಸ್ತು ಜೀವಂತ ಮನುಷ್ಯನ ಉಸಿರಿಗೂ ಒಪ್ಪುತ್ತದೆ ಎಂದು ಮನಸಾರೆ ನಂಬಿದ್ದರು. ನಾನು ಅವರ ಬಾಯಲ್ಲಿ ‘ಮೂರ್ಛಿ ಡಾಕ್ಟ್ರಮ್ಮ’. ಆಪರೇಷನ್ ಕೋಣೆಯಲ್ಲಿ ಮೂಗಿಗೆ ಈಥರ್ ಹಿಡಿದು ಸುಮ್ಮನೆ ಕೂಡುವವಳು ಎಂದು ಅರ್ಥ.

ಯಂತ್ರದ ಉದ್ಘಾಟನೆಗೆ ಮಂತ್ರಿಗಳು ಬಂದಿದ್ದರು. ರೋಗಿ ಇರಲಿಲ್ಲ. ಕೊಳವೆಯ ತುದಿಯನ್ನು ಹಾಗೇ ಬಿಟ್ಟು ಮೋಟರು ಹಾಕಿದರು. ಯಂತ್ರ ಗಾಳಿಗೆ ಗಾಳಿ ಊದಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅದಕ್ಕೆ ಹಸಿರು ಬಟ್ಟೆಯ ಗೌನು ಹೊಲಿಸಿ ಮುಚ್ಚಿಟ್ಟರು. ಬಟ್ಟೆಯ ಮೇಲೆ ಆಸ್ಪತ್ರೆಯ ಹೆಸರನ್ನು ಕೆಂಪು ದಾರದಲ್ಲಿ ಕಸೂತಿ ಮಾಡಿಸಲು ಮರೆಯಲಿಲ್ಲ.

ಮೊದಲ ರೋಗಿ ಸಿರುಗುಪ್ಪ ಕಡೆಯ ಕೂಲಿ. ಹತ್ತಿಗೆ ಔಷಧಿ ಹೊಡೆಯುವ ಕಾಲ. ಮೈಮೇಲೆ ಅಂಗಿಯಿಲ್ಲದೆ, ಗಾಳಿಗೆ ಎದುರಾಗಿ ನಿಂತು, ಮಧ್ಯಾಹ್ನದ ತನಕ ಹೊಡೆದಿದ್ದ. ಹೊಲದ ಧಣಿ ಅವನಿಗೆ ಮೂಗಿಗೆ ಕಟ್ಟಲು ಒಂದು ಚಿಂದಿಯನ್ನೂ ಕೊಟ್ಟಿರಲಿಲ್ಲ. ಪಂಪು ಮಾತ್ರ ಹುಷಾರು ಎಂದು ಹೇಳಿ ಕಳಿಸಿದ್ದನಂತೆ. ಬರುವಾಗ ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು, ಬಾಯಿಂದ ನೊರೆ, ಮೈಯ ಮಾಂಸಖಂಡಗಳೆಲ್ಲ ಚರ್ಮದ ಕೆಳಗೆ ಹುಳ ಹರಿದಂತೆ ಅದುರುತ್ತಿದ್ದವು. ಅಟ್ರೊಪಿನ್ ಮೇಲೆ ಅಟ್ರೊಪಿನ್ ಕೊಟ್ಟೆವು. ಉಸಿರು ನಿಂತಾಗ ನಾನು ಗಂಟಲಿಗೆ ಕೊಳವೆ ಇಳಿಸಿ ಯಂತ್ರಕ್ಕೆ ಜೋಡಿಸಿದೆ. ಶ್ವಾಸಕೋಶದ ತುಂಬ ನೀರು. ಗಾಳಿಯನ್ನು ಬಲವಾಗಿ, ಬೇಗ ಬೇಗ ತಳ್ಳಬೇಕಿತ್ತು. ಗುಂಡನ್ನು ತುದಿಗೆ ಸರಿಸಿದೆ, ಗೇರನ್ನು ಮೂರಕ್ಕೆ ಹಾಕಿದೆ. ಹೀರುವ ಕೊಳವೆಯಿಂದ ನೊರೆ ತೆಗೆಯುತ್ತ ಕೂತೆ. ಒಂದು ವಾರ ಕಳೆಯುವಷ್ಟರಲ್ಲಿ ಅವನು ಎದ್ದು ಕೂತು ಗಂಜಿ ಕೇಳಿದ.

ದೊಡ್ಡ ಸಾಹೇಬರು ಆ ಗಂಜಿಯ ಬಟ್ಟಲಿನ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ಮರುದಿನ ಬಂದು ನನ್ನನ್ನು ಕೇಳಿದರು.

“ಯಾವ ಗೇರಿನಾಗ ಇತ್ರಿ ಇದು?”

“ಮೂರನೇದ್ರಾಗ್ರಿ ಸರ್. ಅವನ ಎದಿಯಾಗ ನೀರು ತುಂಬಿತ್ತು, ಅದಕ್ಕ.”

‘ಅದಕ್ಕ’ ಎಂಬುದು ಅವರ ಕಿವಿಗೆ ಬೀಳಲಿಲ್ಲ. ಮೂರು ಎಂಬುದಷ್ಟೇ ಬಿತ್ತು. ಸಂಜೆಯೊಳಗೆ ಸ್ಟೋರಿನ ಗುಮಾಸ್ತ ಮೋಂಬತ್ತಿ, ಅರಗಿನ ಕಡ್ಡಿ, ಹಿತ್ತಾಳೆಯ ಮುದ್ರೆ ಹಿಡಿದುಕೊಂಡು ವಾರ್ಡಿಗೆ ಬಂದ. ಗೇರಿನ ಹಿಡಿಯನ್ನು ಮೂರರಲ್ಲಿ ನಿಲ್ಲಿಸಿ, ದಾರದಿಂದ ಬಿಗಿದು, ಮೇಲೆ ಕೆಂಪು ಅರಗು ಸುರಿದು, ಮುದ್ರೆ ಒತ್ತಿದ. ಒತ್ತುವ ಮುಂಚೆ ಮುದ್ರೆಗೆ ಉಗುಳು ಹಚ್ಚಿಕೊಂಡದ್ದನ್ನೂ ನೋಡಿದೆ. ಗೋಡೆಯ ಮೇಲೆ ಒಂದು ಬೋರ್ಡು ಬಂತು: ಎಲ್ಲ ರೋಗಿಗಳಿಗೂ ಮೂರನೇ ಗೇರು, ಯಾರೂ ಮುಟ್ಟತಕ್ಕದ್ದಲ್ಲ. ಕೆಳಗೆ ಸಾಹೇಬರ ರುಜುವನ್ನು ಪೇಂಟರ್ ಅವರದೇ ಕೈಬರಹದಂತೆ ಬರೆದಿದ್ದ, ಕೊನೆಯ ಸುರುಳಿ ಸಮೇತ.

“ಸರ್, ರೋಗಿ ಬದಲಾದ್ರ ಗೇರು ಬದಲಾಗ್ಬೇಕ್ರಿ,” ಎಂದೆ.

“ಡಾಕ್ಟ್ರಮ್ಮ, ಮನಶ್ಯಾರಿಗೆಲ್ಲ ಎರಡ ಶ್ವಾಸಕೋಶ. ಒಂದ ಗಂಟಲ. ಬದಲಾಗೋದು ಏನೈತ್ರಿ ಅದ್ರಾಗ? ಹೌಸ್ ಸರ್ಜನ್ ಹುಡುಗರು ಬಂದು ಕಟಕಟ ಅಂತ ತಿರುವಿ ಹಾಳ್ ಮಾಡ್ತಾರ. ಸರ್ಕಾರದ ಆಸ್ತಿ ಇದು.”

ಆಸ್ತಿ ಎಂಬ ಮಾತು ಬಂದರೆ ನಮ್ಮಲ್ಲಿ ವಾದ ಮುಗಿದಂತೆ. ಮನುಷ್ಯ ಸತ್ತರೆ ಒಂದು ಷರಾ ಸಾಕು, ಆಸ್ತಿ ಕೆಟ್ಟರೆ ವಿಚಾರಣೆ.

ಎರಡನೆಯವನು ಸಂಗನಕಲ್ಲಿನ ಕಲ್ಲು ಒಡೆಯುವ ಕೆಲಸಗಾರ. ಕಾಲಿಗೆ ಚೂರು ಚುಚ್ಚಿ ಧನುರ್ವಾಯು ಆಗಿತ್ತು. ಬಾಗಿಲು ಸದ್ದಾದರೂ ಮೈ ಬಿಲ್ಲಿನಂತೆ ಬಾಗಿ ಉಸಿರು ಕಟ್ಟುತ್ತಿತ್ತು. ಇಂಥವನಿಗೆ ಮೊದಲು ಮೈಯ ಬಿಗಿತವನ್ನೇ ಔಷಧಿಯಿಂದ ಪೂರ್ತಿ ಸಡಿಲಿಸಬೇಕು. ಆಗ ಅವನ ಸ್ವಂತ ಉಸಿರೂ ನಿಲ್ಲುತ್ತದೆ, ಯಂತ್ರ ಆ ಕೆಲಸ ವಹಿಸಿಕೊಳ್ಳಬೇಕು. ಆದರೆ ಅವನ ಶ್ವಾಸಕೋಶದಲ್ಲಿ ಯಾವ ದೋಷವೂ ಇರಲಿಲ್ಲ. ಮೂರನೇ ಗೇರಿನ ಅವಸರ ಅವನಿಗೆ ಬೇಕಿರಲಿಲ್ಲ. ಬೇಡದಷ್ಟು ಗಾಳಿ ಆಡಿಸಿದರೆ ರಕ್ತದಲ್ಲಿ ಇರಬೇಕಾದ ಕಾರ್ಬನ್ ಡೈಆಕ್ಸೈಡ್ ಸಹ ತೊಳೆದುಹೋಗಿ ರಕ್ತದೊತ್ತಡ ಕುಸಿಯುತ್ತದೆ. ಮೊದಲ ದಿನ ಹಾಗೇ ಆಯಿತು.

ಅರಗು ಮುಟ್ಟುವಂತಿಲ್ಲ. ಗುಂಡನ್ನು ಹಿಂದಕ್ಕೆ ಸರಿಸಿದೆ, ಸಾಲಲಿಲ್ಲ. ಆಪರೇಷನ್ ಕೋಣೆಯಿಂದ ಮಡಿಕೆ ಮಡಿಕೆಯ ರಬ್ಬರ್ ಕೊಳವೆಯ ಒಂದು ತುಂಡು ತಂದು ಯಂತ್ರಕ್ಕೂ, ಉಸಿರಿಗೆಂದು ಅವನ ಕುತ್ತಿಗೆಯಲ್ಲಿ ಕೊಯ್ದು ಮಾಡಿದ್ದ ರಂಧ್ರಕ್ಕೂ ನಡುವೆ ಸೇರಿಸಿದೆ. ತಾನು ಬಿಟ್ಟ ಗಾಳಿಯಲ್ಲಿ ಸ್ವಲ್ಪವನ್ನು ತಾನೇ ಮತ್ತೆ ಎಳೆದುಕೊಳ್ಳಲಿ ಎಂದು. ರಕ್ತದೊತ್ತಡ ಸರಿಯಾಯಿತು. ಸಾಹೇಬರು ದಿನಾ ಬಂದು ಅರಗನ್ನು ಮುಟ್ಟಿ ನೋಡಿ ಹೋಗುತ್ತಿದ್ದರು. ಕೊಳವೆ ಉದ್ದವಾದದ್ದು ಅವರ ಕಣ್ಣಿಗೆ ಬೀಳಲೇ ಇಲ್ಲ. ಮುದ್ರೆ ನೋಡಲು ಬಂದವರಿಗೆ ರೋಗಿ ಕಾಣಿಸುವುದಿಲ್ಲ.

ಎರಡನೇ ವಾರದಲ್ಲಿ ಅವನ ಹೃದಯ ಅಡ್ಡಾದಿಡ್ಡಿ ಹೊಡೆದುಕೊಂಡು ನಿಂತುಹೋಯಿತು. ಧನುರ್ವಾಯುವಿನಲ್ಲಿ ಆಗ ಹಾಗೆ ಆಗುತ್ತಿತ್ತು, ನಮ್ಮ ಬಳಿ ಅದಕ್ಕೆ ಉಪಾಯವಿರಲಿಲ್ಲ. ನಾನು ಅವನ ಮಗ್ಗುಲಲ್ಲೇ ಕೂತು ಕಣ್ಣೀರು ಹಾಕಿದೆ. ಸಾಹೇಬರು ಬಾಗಿಲಲ್ಲಿ ನಿಂತು, “ನನ್ನ ಸೆಟ್ಟಿಂಗ್ ಸರಿ ಇತ್ರಿ. ದೇವರ ಸೆಟ್ಟಿಂಗ್ ಸರಿ ಇರಲಿಲ್ಲ,” ಎಂದರು. ಹೌಸ್ ಸರ್ಜನ್ನರು ನಕ್ಕರು. ಆ ನಗುವನ್ನು ನಾನು ಅವರಿಗೆ ಇವತ್ತಿಗೂ ಕ್ಷಮಿಸಿಲ್ಲ. ಅವರಲ್ಲಿ ಇಬ್ಬರು ಈಗ ದೊಡ್ಡ ದೊಡ್ಡ ಆಸ್ಪತ್ರೆ ಕಟ್ಟಿಸಿದ್ದಾರೆ.

ಮೂರನೆಯವಳು ಕುರುಗೋಡಿನವಳು. ಒಣಮೆಣಸಿನಕಾಯಿಯ ತೊಟ್ಟು ಮುರಿಯುವ ಕೂಲಿ ಮಾಡುತ್ತಿದ್ದಳು. ಮೊದಲೇ ಗೂರಲು, ಅಂದರೆ ಉಬ್ಬಸ, ಅದರ ಮೇಲೆ ಇಡೀ ದಿನ ಮೆಣಸಿನಕಾಯಿಯ ಘಾಟು. ಒಂದು ಬೆಳಿಗ್ಗೆ ಅವಳ ಅಕ್ಕ ಅವಳನ್ನು ಸರಕಿನ ಟೆಂಪೋದಲ್ಲಿ ಹಾಕಿಕೊಂಡು ಬಂದಳು. ಜೊತೆಗೆ ಅಕ್ಕನ ಗಂಡ. ಹಳ್ಳಿಯ ಡಾಕ್ಟರೆನಿಸಿಕೊಂಡ ಒಬ್ಬ ಮಹಾನುಭಾವ ಆಗಲೇ ನಿದ್ದೆಯ ಇಂಜೆಕ್ಷನ್ ಚುಚ್ಚಿದ್ದ. ಉಸಿರಿಗಾಗಿ ಒದ್ದಾಡುವವಳಿಗೆ ನಿದ್ದೆಯ ಔಷಧಿ! ಗಲಾಟೆ ನಿಂತರೆ ರೋಗ ನಿಂತಿತು ಎಂದುಕೊಳ್ಳುವ ಜಾತಿ ಅದು.

ಅಡ್ರಿನಲಿನ್, ಅಮಿನೊಫಿಲಿನ್, ಸ್ಟೀರಾಯ್ಡ್ ಎಲ್ಲವೂ ಹೋದವು. ತುಟಿ ನೀಲಿಯೇ ಇತ್ತು. ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟರೆ ಮೊದಲು ಕೇಳಿಸಿದ್ದ ಸಿಳ್ಳು ಸಹ ನಿಂತಿತ್ತು. ಗೂರಲಿನಲ್ಲಿ ಸದ್ದು ನಿಂತರೆ ಅದಕ್ಕಿಂತ ಕೆಟ್ಟ ಸುದ್ದಿಯಿಲ್ಲ. ಕೊಳವೆ ಇಳಿಸಿ, ರಬ್ಬರ್ ಚೀಲದಿಂದ ಕೈಯಲ್ಲೇ ಗಾಳಿ ಕೊಡಲು ಶುರು ಮಾಡಿದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಗೂರಲಿನವರಿಗೆ ಗಾಳಿ ಒಳಗೆ ಹೋಗುವುದು ಕಷ್ಟ, ಹೊರಗೆ ಬರುವುದು ಅದಕ್ಕಿಂತ ಕಷ್ಟ. ಒಮ್ಮೆ ಒತ್ತಿದ ಮೇಲೆ ಕಾಯಬೇಕು. ಎದೆ ಪೂರ್ತಿ ಇಳಿಯುವ ತನಕ ಕಾಯಬೇಕು. ಅವಸರ ಮಾಡಿ ಮತ್ತೆ ಒತ್ತಿದರೆ ಹಳೆಯ ಗಾಳಿ ಒಳಗೇ ಉಳಿಯುತ್ತದೆ, ಮೇಲೆ ಹೊಸದು ಸೇರುತ್ತದೆ. ಹೀಗೆ ತುಂಬುತ್ತ ಹೋದರೆ ಎದೆ ಬಿಗಿದು ಹೃದಯಕ್ಕೆ ರಕ್ತ ಮರಳುವುದೇ ನಿಲ್ಲುತ್ತದೆ. ಅವಳಿಗೆ ನಾನು ಒತ್ತುತ್ತಿದ್ದೆ, ಕಾಯುತ್ತಿದ್ದೆ, ಇನ್ನೂ ಕಾಯುತ್ತಿದ್ದೆ. ನೋಡುವವರಿಗೆ ಕೈ ಬಿಟ್ಟೆನೇನೋ ಎನಿಸಬೇಕು, ಅಷ್ಟು. ತುಟಿಯ ನೀಲಿ ಮೆಲ್ಲಗೆ ಕರಗತೊಡಗಿತು.

ಆಗ ಸಾಹೇಬರು ರೌಂಡಿಗೆ ಬಂದರು.

“ಮಷೀನ್ ಬಿಟ್ಟು ಇದೇನ್ರಿ ಚೀಲ ಒತ್ತಾಕತ್ತೀರಿ? ಅದೂ ಇಷ್ಟು ಸಾವಕಾಶ?”

“ಈಕಿಗೆ ಮೂರನೇ ಗೇರು ನಡಿಯಂಗಿಲ್ರಿ. ಒಂದನೇದು ಬೇಕು. ಅರಗು ತೆಗಿಸ್ರಿ ಸರ್.”

“ಸಿರುಗುಪ್ಪದಾಂವಗ ನಡೀತಲ್ಲ?”

“ಅಂವಗ ನೀರು ತುಂಬಿತ್ತು. ಈಕಿಗೆ ಗಾಳಿ ತುಂಬ್ತೈತಿ.”

“ಗಾಳಿ ತುಂಬಲಿ ಅಂತಾನ ಅಲ್ಲೇನ್ರಿ ಮಷೀನ್ ಇರೋದು?” ಎಂದು ಹೌಸ್ ಸರ್ಜನ್ನರ ಕಡೆ ತಿರುಗಿದರು. ಎಂದಿನಂತೆ ಎಲ್ಲರೂ ನಕ್ಕರು. ಅವರು ನನ್ನ ಕೈಯಿಂದ ಚೀಲವನ್ನು ಬಿಡಿಸಿ, ಕೊಳವೆಯನ್ನು ತಾವೇ ಯಂತ್ರಕ್ಕೆ ಜೋಡಿಸಿ, ಸ್ವಿಚ್ ಹಾಕಿದರು.

ತಿದಿ ದಡದಡ ಏಳತೊಡಗಿತು, ಬೀಳತೊಡಗಿತು. ಅವಳ ಎದೆ ಏರಿತು. ಇಳಿಯುವ ಮುಂಚೆ ಮತ್ತೆ ಏರಿತು. ನೋಡನೋಡುತ್ತಿದ್ದಂತೆ ಎದೆಯ ಗೂಡು ಉಬ್ಬಿ ನಿಂತೇಬಿಟ್ಟಿತು, ಕತ್ತಿನ ನರಗಳು ಬೆರಳಿನಷ್ಟು ದಪ್ಪವಾದವು. ನಾನು ನಾಡಿ ಹಿಡಿದಿದ್ದೆ. ಅದು ಸಣ್ಣದಾಯಿತು, ಆಮೇಲೆ ಇಲ್ಲವಾಯಿತು.

“ಹಾರ್ಟ್ ಹೋತು,” ಎಂದರು ಸಾಹೇಬರು. “ಉದ್ದನ ಸೂಜಿ ತರ್ರಿ. ಹಾರ್ಟಿಗೇ ಅಡ್ರಿನಲಿನ್ ಕೊಡೋಣ.”

ಹೃದಯಕ್ಕೆ ಏನೂ ಆಗಿರಲಿಲ್ಲ. ಗಾಳಿ ಅದನ್ನು ಹಿಚುಕುತ್ತಿತ್ತು. ನಾನು ಕೊಳವೆಯನ್ನು ಯಂತ್ರದಿಂದ ಕಿತ್ತು ಹಾಕಿ, ಎರಡೂ ಅಂಗೈಗಳನ್ನು ಅವಳ ಪಕ್ಕೆಗಳ ಮೇಲಿಟ್ಟು ಮೆಲ್ಲಗೆ ಅಮುಕಿದೆ. ಸಿಳ್ಳಿಡುತ್ತ ಗಾಳಿ ಹೊರಬಂತು. ಬರುತ್ತಲೇ ಇತ್ತು. ಅಷ್ಟು ಗಾಳಿ ಆ ಸಣಕಲು ಮೈಯಲ್ಲಿ ಎಲ್ಲಿ ಅಡಗಿತ್ತೋ. ಸಾಹೇಬರು ಸೂಜಿ ಹಿಡಿದು ನಿಂತೇ ಇದ್ದರು. “ಸಾಯೋವರಿಂದ ಮಷೀನ್ ಕಿತ್ತೀರಲ್ರಿ,” ಎನ್ನುತ್ತಿದ್ದರು. ಎದೆ ಇಳಿಯಿತು. ನನ್ನ ಬೆರಳಿನ ಕೆಳಗೆ ನಾಡಿ ಒಮ್ಮೆ ತಟ್ಟಿತು, ಮತ್ತೆ ತಟ್ಟಿತು.

“ನಾಡಿ ಬಂತ್ರಿ,” ಎಂದಳು ಪಕ್ಕದಲ್ಲಿದ್ದ ನರ್ಸಮ್ಮ.

ಸಾಹೇಬರು ಸೂಜಿಯನ್ನು ಟ್ರೇಯಲ್ಲಿಟ್ಟರು. “ನಾ ಹೇಳಿದ್ನಲ್ಲ, ಹಾರ್ಟ್ ವೀಕ್ ಐತಿ,” ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದರು. ಅರಗು ತೆಗೆಯುವ ವಿಚಾರಕ್ಕೆ, “ಅರ್ಜಿ ಕೊಡ್ರಿ. ಕಮಿಟಿ ಕೂತು ನೋಡ್ತೈತಿ,” ಎಂದರು. ಕಮಿಟಿ ಕೂಡುವುದು ತಿಂಗಳಿಗೊಮ್ಮೆ, ಅದೂ ಬಿಸ್ಕತ್ತಿಗಾಗಿ.

ಕೈಯಿಂದ ಚೀಲ ಒತ್ತುತ್ತ ಎಷ್ಟು ಹೊತ್ತು ಕೂಡಬಹುದು? ಗೂರಲು ಸಡಿಲಾಗಲು ಒಂದೆರಡು ದಿನವಾದರೂ ಬೇಕಿತ್ತು. ಇಡೀ ಆಸ್ಪತ್ರೆಗೆ ಅರಿವಳಿಕೆಯವಳು ನಾನೊಬ್ಬಳೇ, ಆಪರೇಷನ್ ಕೋಣೆಯಿಂದ ಕರೆ ಬರುತ್ತಲೇ ಇತ್ತು. ಹೌಸ್ ಸರ್ಜನ್ ಒಬ್ಬನಿಗೆ ಚೀಲ ಕೊಟ್ಟು ನೋಡಿದೆ. ಅವನು ಸೈಕಲ್ಲಿಗೆ ಗಾಳಿ ಹೊಡೆಯುವಂತೆ ಹೊಡೆದ. ಕಿತ್ತುಕೊಂಡೆ. ಅಂಗೈ ಮರಗಟ್ಟುತ್ತಿತ್ತು. ಈ ಯಂತ್ರ ನನ್ನ ಕಣ್ಣೆದುರಿಗೇ ನಿಂತಿದೆ, ಒಂದು ಉಗುರಿನಷ್ಟು ಅರಗಿಗಾಗಿ ಇವಳು ಸಾಯಬೇಕೇ? ಅರಗು ಒಡೆದರೆ ಸಾಹೇಬರು ತಕ್ಷಣ ಮತ್ತೆ ಹಾಕಿಸುತ್ತಾರೆ, ನನ್ನನ್ನು ಅಮಾನತು ಮಾಡುತ್ತಾರೆ, ಇವಳ ಹತ್ತಿರ ಯಾರೂ ಇರುವುದಿಲ್ಲ. ಆ ಲೆಕ್ಕ ಹಾಕುತ್ತಿರುವಾಗಲೇ ವಾರ್ಡಿನ ದೀಪಗಳು ಆರಿದವು. ಬಳ್ಳಾರಿಯಲ್ಲಿ ಕರೆಂಟ್ ಹೋಗುವುದು ಹೊಸ ಸಂಗತಿಯಲ್ಲ. ಆದರೆ ಆ ಹೊತ್ತು ನನ್ನ ಕಣ್ಣು ಯಂತ್ರದ ಹಿಡಿಕೆಯ ಮೇಲೆ ಬಿತ್ತು.

ಹಿಡಿಕೆಗೆ ಯಾರೂ ಅರಗು ಹಾಕಿರಲಿಲ್ಲ. ಅದು ಗೇರಿನಾಚೆ ಇತ್ತು. ಮೋಟರಿಗೆ ಮಾತ್ರ ಗೇರಿನ ಹಂಗು. ಕೈಗೆ ಯಾವ ಹಂಗೂ ಇಲ್ಲ, ಎಷ್ಟು ನಿಧಾನ ಬೇಕೋ ಅಷ್ಟು ನಿಧಾನ ತಿರುವಬಹುದು. ಗುಂಡನ್ನು ಮತ್ತೆ ತುದಿಗೆ ಸರಿಸಿದೆ, ಬಿಗಿದ ಎದೆಗೆ ಆ ಬಲ ಬೇಕೇ ಬೇಕು. ಪ್ಲಗ್ ಕಿತ್ತು, ವೈರನ್ನು ಸುತ್ತಿ ಯಂತ್ರದ ಹಿಂದೆ ತುರುಕಿದೆ. ಕರೆಂಟ್ ಬಂದ ಮೇಲೂ, “ಪ್ಲಗ್ ಕಿಡಿ ಹಾರಿಸ್ತೈತಿ, ಯಾರೂ ಮುಟ್ಟಬ್ಯಾಡ್ರಿ,” ಎಂದು ಎಲ್ಲರಿಗೂ ಹೇಳಿಬಿಟ್ಟೆ. ಸುಳ್ಳು ಹೇಳಿದ್ದಕ್ಕೆ ಎಳ್ಳಷ್ಟೂ ಬೇಸರವಾಗಲಿಲ್ಲ.

ಹಿಡಿಕೆಗೆ ಅಕ್ಕನನ್ನೂ ಅವಳ ಗಂಡನನ್ನೂ ಕೂಡಿಸಿದೆ. ಗಂಡ ಮೊದಲು ರಾಗಿ ಬೀಸುವಂತೆ ಗರಗರ ತಿರುವಿದ. ಬೈದೆ. ಅಕ್ಕ ತಿರುವಿದಳು, ಅವಳದೂ ಅವಸರವೇ. ಅವಳಿಗೂ ಬೈದೆ.

“ಎಣಿಸಿ ಹೇಳ್ರಿ ಅಮ್ಮಾ, ಎಷ್ಟಕ್ಕೊಮ್ಮಿ ತಿರುವಬೇಕು ಅಂತ,” ಎಂದಳು ಅಕ್ಕ.

“ಎಣಿಸಬ್ಯಾಡ. ತಂಗಿ ಎದಿ ನೋಡು. ಪೂರ್ತಿ ಇಳಿದ್ ಮ್ಯಾಲ ತಿರುವು. ಇಳಿಯೋತನಕ ಕೈ ಕಟ್ಕೊಂಡ ಕೂಡು.”

“ಅಷ್ಟೊತ್ತು ಉಸಿರಿಲ್ದ ಬಿಡಾದೇನ್ರಿ? ನನ್ನ ಜೀವ ಹೊಡ್ಕೊಂತೈತಿ.”

“ನಿನ್ನ ಜೀವ ಹೊಡ್ಕೊಳ್ಳಲಿ. ಅದಕ್ಕೇನೂ ಆಗಂಗಿಲ್ಲ.”

ಅವಳು ನನ್ನನ್ನು ಒಂದು ನೋಟ ನೋಡಿದಳು. ಡಾಕ್ಟರುಗಳ ಮೇಲೆ ಅವಳಿಗೆ ಇದ್ದ ತಾತ್ಸಾರ ಆ ನೋಟದಲ್ಲಿ ತುಂಬಿತ್ತು, ಮತ್ತು ಅದರಲ್ಲಿ ನನ್ನ ಪಾಲೂ ಇತ್ತು. ನನಗೆ ಅವಳು ಹಿಡಿಸಿದಳು. ಆಮೇಲೆ ಅವಳು ತಂಗಿಯ ಎದೆಯಿಂದ ಕಣ್ಣು ಕೀಳದೆ ತಿರುವಿದಳು. ಗಂಡ ಹೆಂಡತಿ ಸರದಿಯ ಮೇಲೆ ಕೂತರು. ನಾನು ಆಪರೇಷನ್ನುಗಳ ನಡುನಡುವೆ ಓಡಿ ಬಂದು ಕೂಡುತ್ತಿದ್ದೆ. ಮರುದಿನ ಕುರುಗೋಡಿನಿಂದ ಇನ್ನೂ ಇಬ್ಬರು ನೆಂಟರು ಬಂದರು, ಅವರನ್ನೂ ಪಳಗಿಸಿದೆವು. ಅಕ್ಕ ಅವರಿಗೆ ನನಗಿಂತ ಕೆಟ್ಟದಾಗಿ ಬೈದು ಕಲಿಸಿದಳು. ಸಾಹೇಬರು ಬಂದು ಅರಗನ್ನು ಮುಟ್ಟಿ ನೋಡುತ್ತಿದ್ದರು, ಅದು ಗಟ್ಟಿಯಾಗಿತ್ತು. ಪ್ಲಗ್ಗಿನ ಮಾತು ಎಲೆಕ್ಟ್ರಿಷಿಯನ್ನನ ಪಾಡು ಎಂದು ಬಿಟ್ಟರು.

ಎರಡನೇ ದಿನ ಮಧ್ಯಾಹ್ನ ಎದೆಯಲ್ಲಿ ಮತ್ತೆ ಸಿಳ್ಳು ಕೇಳಿಸಿತು. ಗಾಳಿ ಓಡಾಡತೊಡಗಿದೆ ಎಂಬುದರ ಗುರುತು. ಅಂಥ ಸಂತೋಷದ ಸದ್ದನ್ನು ನಾನು ಕೇಳಿರಲಿಲ್ಲ. ಇನ್ನೊಂದು ದಿನ ದಾಟಿದರೆ ಕೊಳವೆ ತೆಗೆಯಬಹುದಿತ್ತು.

ಅದೇ ಹೊತ್ತಿಗೆ ಬೆಂಗಳೂರಿನಿಂದ ಬಂದ ಅಧಿಕಾರಿಗಳನ್ನು ಕರೆದುಕೊಂಡು ಸಾಹೇಬರು ವಾರ್ಡಿಗೆ ಬಂದರು. ಯಂತ್ರ ತೋರಿಸಬೇಕಲ್ಲ. ಅವರ ಹಿಂದೆ ಹೌಸ್ ಸರ್ಜನ್ನರ ದಂಡು, ಸ್ಟೋರಿನ ಗುಮಾಸ್ತ.

“ನೋಡ್ರಿ, ಒಂದ ಸೆಟ್ಟಿಂಗ್. ವಿಷದಾಂವಗೂ ಅದ, ಗೂರಲಿನಾಕಿಗೂ ಅದ. ಸೀಲ್ ಮಾಡಿಟ್ಟೀನಿ,” ಎಂದು ಸಾಹೇಬರು ಬೋರ್ಡು ತೋರಿಸಿದರು. ಅಧಿಕಾರಿಯೊಬ್ಬರು ತಲೆಯಾಡಿಸಿ, ಇದನ್ನು ಬೇರೆ ಜಿಲ್ಲೆಗಳಿಗೂ ಬರೆಯಬೇಕು ಎಂದರು. ಆಗ ಸಾಹೇಬರಿಗೆ ಹಿಡಿಕೆ ತಿರುವುತ್ತಿದ್ದ ಅಕ್ಕ ಕಂಡಳು.

“ಕರೆಂಟ್ ಐತಲ್ಲ, ಯಾಕಬೇ ತಿರುವಾಕತ್ತೀ? ಬಿಡು ಅದನ್ನ.”

“ಬಿಡಂಗಿಲ್ರಿ. ಅಮ್ಮಾರು ಹೇಳ್ಯಾರ.”

“ಪ್ಲಗ್ ಕೆಟ್ಟೈತಂತ್ರಿ ಸರ್,” ಎಂದ ಒಬ್ಬ ಹುಷಾರಿ ಹೌಸ್ ಸರ್ಜನ್, “ನಾ ನೋಡ್ತೀನಿ.” ಯಂತ್ರದ ಹಿಂದೆ ಬಗ್ಗಿ ವೈರು ಎಳೆದು, “ಇದು ಚಲೋ ಐತ್ರಿ,” ಎಂದು ಗೋಡೆಗೆ ಚುಚ್ಚಿಯೇಬಿಟ್ಟ. ಸಾಹೇಬರ ಕೈ ಸ್ವಿಚ್ಚಿನ ಕಡೆ ಹೋಯಿತು.

ಅಲ್ಲಿಯವರೆಗೆ ನಾನು ಅರಗನ್ನು ಮುಟ್ಟದೆ ಸುತ್ತಿ ಹೋಗುವ ದಾರಿ ಹುಡುಕಿದ್ದೆ. ಕೊಳವೆ ಉದ್ದ ಮಾಡಿದ್ದೆ, ಪ್ಲಗ್ ಬಚ್ಚಿಟ್ಟಿದ್ದೆ. ಆ ಉಪಾಯಗಳ ಫಲ ನನ್ನ ಮುಂದೆ ನಿಂತಿತ್ತು: ರೋಗಿ ಬದುಕುತ್ತಿದ್ದಾಳೆ, ಮುದ್ರೆ ಒಡೆದಿಲ್ಲ, ಹಾಗಾದರೆ ಮುದ್ರೆಯೇ ಬದುಕಿಸಿತು ಎಂದು ಊರೂರಿಗೆ ಬರೆಯುತ್ತಾರೆ. ಸ್ವಿಚ್ ಬಿದ್ದರೆ ಇವಳು ಈಗಲೇ ಹೋಗುತ್ತಾಳೆ. ಬೀಳದಿದ್ದರೆ ಇನ್ನೊಂದು ಊರಿನಲ್ಲಿ ಇನ್ನೊಬ್ಬಳು.

ನಾನು ಪ್ಲಗ್ಗನ್ನು ಗೋಡೆಯಿಂದ ಕಿತ್ತೆ. “ತಿರುವ್ತಾ ಇರು, ನಿಲ್ಲಿಸಬ್ಯಾಡ,” ಎಂದು ಅಕ್ಕನಿಗೆ ಹೇಳಿ, ಇಕ್ಕಳ ತೆಗೆದುಕೊಂಡು ಅರಗನ್ನು ಒಡೆದೆ. ಚೂರುಗಳು ಅಧಿಕಾರಿಗಳ ಬೂಟಿನ ಮೇಲೆ ಸಿಡಿದವು. ಗುಮಾಸ್ತ “ಸೀಲ್, ಸೀಲ್” ಎಂದ. ಅರಗು ಗೇರಿನ ಸಂದಿಯೊಳಕ್ಕೂ ಇಳಿದು ಗಟ್ಟಿಯಾಗಿತ್ತು, ಹಿಡಿ ಅಲುಗಲಿಲ್ಲ. ನರ್ಸಮ್ಮನಿಂದ ಸ್ಪಿರಿಟ್ ಇಸಿದುಕೊಂಡು ಹತ್ತಿ ನೆನೆಸಿ ಸಂದಿಗೆ ಒತ್ತಿ ಹಿಡಿದೆ. ಅರಗು ಸ್ಪಿರಿಟ್ಟಿಗೆ ಕರಗುತ್ತದೆ. ಕೆಂಪಾಗಿ ಬೆರಳುಗಳ ನಡುವೆ ಇಳಿಯಿತು.

“ಇದು ಸರ್ಕಾರದ ಮುದ್ರಿ, ಡಾಕ್ಟ್ರಮ್ಮ. ಏನ್ ಮಾಡಾಕತ್ತೀರಿ ಗೊತ್ತೈತೇನು?”

“ಗೊತ್ತೈತ್ರಿ ಸರ್. ನೀವು ಮುದ್ರಿ ನೋಡ್ಕೋರಿ, ನಾ ಈಕಿನ್ನ ನೋಡ್ಕೋತೀನಿ.”

ಅಕ್ಕ ತಿರುವುತ್ತಲೇ ಇದ್ದಳು. ಎದೆ ಇಳಿಯುವ ತನಕ ಕಾಯುತ್ತಿದ್ದಳು. ಸುತ್ತ ಅಷ್ಟು ಜನ ಕೂಗಾಡುತ್ತಿದ್ದರೂ ಅವಸರ ಮಾಡಲಿಲ್ಲ. ಕೊನೆಗೆ ಗೇರಿನ ಹಿಡಿ ಸಡಿಲಾಯಿತು. ಎರಡು, ಒಂದು. ನಾನೇ ಪ್ಲಗ್ ಹಾಕಿ ಸ್ವಿಚ್ ಒತ್ತಿದೆ. ತಿದಿ ಸಾವಕಾಶವಾಗಿ ಬಿತ್ತು, ಸಾವಕಾಶವಾಗಿ ಎದ್ದಿತು. ಅವಳ ಎದೆ ಪೂರ್ತಿ ಇಳಿಯಿತು. ಅಧಿಕಾರಿಗಳು ಬೂಟು ಕೊಡವಿಕೊಂಡು ಊಟಕ್ಕೆ ಹೋದರು.

ಅವಳ ಕೊಳವೆ ತೆಗೆದದ್ದು ಅದರ ಮಾರನೆಯ ದಿನ. ಗಂಟಲು ಸರಿಯಾದ ಮೇಲೆ ಅಕ್ಕ ಏನೋ ಹೇಳಿದ್ದಕ್ಕೆ ಅವಳು ಜಗಳ ತೆಗೆದಳು. ಜಗಳಕ್ಕೆ ಬೇಕಾದಷ್ಟು ಉಸಿರು ಬಂದಿದೆ ಎಂದು ನಾನು ಮನೆಗೆ ಕಳಿಸಿದೆ.

ನನಗೆ ವಾರದೊಳಗೆ ಮೆಮೊ, ಅದರ ಬೆನ್ನಿಗೇ ಸಿರುಗುಪ್ಪಕ್ಕೆ ವರ್ಗ. ಅಲ್ಲಿನ ಆಸ್ಪತ್ರೆಯಲ್ಲಿ ಯಂತ್ರವಿರಲಿ, ಆಕ್ಸಿಜನ್ ಸಿಲಿಂಡರಿನ ಕೀಲಿಯೂ ಇರಲಿಲ್ಲ. ಅರಿವಳಿಕೆಯವಳಿಗೆ ಅಲ್ಲಿ ಕೊಟ್ಟ ಕೆಲಸ ಕೆಮ್ಮಿನ ಔಷಧಿ ಬರೆಯುವುದು. ನಾನು ನನ್ನ ಸ್ವಂತದ ರಬ್ಬರ್ ಚೀಲವನ್ನು ಮೇಜಿನ ಮೇಲೆ ಇಟ್ಟುಕೊಂಡು ಬರೆದೆ.

ಹತ್ತಿಗೆ ಔಷಧಿ ಹೊಡೆಯುವ ಕಾಲ ಮತ್ತೆ ಬಂತು. ಮತ್ತೊಬ್ಬ ಧಣಿ, ಮತ್ತೊಬ್ಬ ಕೂಲಿ, ಅದೇ ನೊರೆ. ಅಟ್ರೊಪಿನ್ ಕೊಟ್ಟು, ಕೊಳವೆ ಇಳಿಸಿ, ಜೀಪಿನ ಹಿಂದೆ ಅವನನ್ನು ಮಲಗಿಸಿಕೊಂಡು ಬಳ್ಳಾರಿಗೆ ಹೊರಟೆ. ದಾರಿಯುದ್ದಕ್ಕೂ ಬೇಗ ಬೇಗ ಚೀಲ ಒತ್ತಿದೆ, ಅವನ ಎದೆಯಲ್ಲಿ ನೀರು ತುಂಬುತ್ತಿತ್ತು. ಆ ಮನುಷ್ಯ ಬದುಕಿದ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಅವನ ಗತಿ ಏನಾಯಿತೋ ಎಂದು ಯಾರೂ ಕಾಯುವುದು ಬೇಡ.

ವಾರ್ಡಿಗೆ ಸ್ಟ್ರೆಚರ್ ತಳ್ಳಿಕೊಂಡು ಹೋದಾಗ ದೊಡ್ಡ ಸಾಹೇಬರು ಯಂತ್ರದ ಪಕ್ಕದಲ್ಲೇ ನಿಂತಿದ್ದರು. ನನ್ನನ್ನು ಕಂಡು ಮುಖ ಅರಳಿತು. ಹಗೆಯ ಸುಳಿವೂ ಇರಲಿಲ್ಲ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು.

“ಬರ್ರಿ ಡಾಕ್ಟ್ರಮ್ಮ, ಬರ್ರಿ. ನೀವು ಹೇಳಿದ್ದ ಖರೆ ಐತಿ ನೋಡ್ರಿ. ಕುರುಗೋಡಿನಾಕಿ ಉಳಿದ್ಲಲ್ಲ, ಮೂರನೇ ಗೇರು ತೆಗಿಸಿಬಿಟ್ಟೆ.”

ಗೇರಿನ ಹಿಡಿ ಒಂದರಲ್ಲಿ ನಿಂತಿತ್ತು. ಅದರ ಮೇಲೆ ಹೊಸ ದಾರ, ಹೊಳೆಯುವ ಹೊಸ ಅರಗು, ಹೊಸ ಮುದ್ರೆ. ಗೋಡೆಯ ಬೋರ್ಡಿಗೂ ಹೊಸ ಬಣ್ಣ ಬಿದ್ದಿತ್ತು: ಎಲ್ಲ ರೋಗಿಗಳಿಗೂ ಒಂದನೇ ಗೇರು. ಆ ನಿಧಾನದ ಗಾಳಿಯಲ್ಲಿ ನನ್ನ ರೋಗಿ ಸಂಜೆಯ ತನಕ ಉಳಿಯುತ್ತಿರಲಿಲ್ಲ. ನನಗೆ ಮರ್ಯಾದೆ ಮಾಡಿದೆನೆಂದು ಸಾಹೇಬರು ಕಾಯುತ್ತ ನಿಂತಿದ್ದರು. ನಾನು ಒಂದು ಕೈಯಲ್ಲಿ ಚೀಲ ಒತ್ತುತ್ತ ಇನ್ನೊಂದು ಕೈಯಲ್ಲಿ ಟ್ರೇಯಿಂದ ಇಕ್ಕಳ ಎತ್ತಿಕೊಂಡೆ.

“ಯಾಕ್ರಿ?” ಎಂದರು ಅವರು, ನಿಜವಾಗಿಯೂ ನೊಂದುಕೊಂಡು. “ಇದು ನಿಮ್ಮದ ಸೆಟ್ಟಿಂಗ್ ಅಲ್ಲೇನ್ರಿ?”

“ನಂದರಿ ಸರ್,” ಎಂದೆ. “ಇವಂದಲ್ಲ.”